ಟವೆಲ್ಲಿನ ಕೆಳಗೆ ಮೂರು ಬೆರಳು

ಮೂಡಲಗಿಯ ದನದ ಪೇಟೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು ಬಲಗೈ ಹಿಡಿದುಕೊಳ್ಳುತ್ತಾರೆ. ಕೈಗಳ ಮೇಲೆ ಒಂದು ಟವೆಲ್ ಬೀಳುತ್ತದೆ. ಒಳಗೆ ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ. ತುದಿಯ ಗೆಣ್ಣನ್ನು ಮಾತ್ರ ಹಿಡಿದರೆ ಅರ್ಧ. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲಿನ ಅಲುಗಾಟ ಮತ್ತು ಎರಡು ಮುಖ. ಆ ಮುಖಗಳಲ್ಲಿ ಏನೂ ಕಾಣದಂತೆ ನೋಡಿಕೊಳ್ಳುವುದೇ ಅರ್ಧ ವ್ಯಾಪಾರ. ಕೊನೆಗೆ ಒಬ್ಬ ‘ಮುಗೀತು’ ಎಂದರೆ ಮುಗಿಯಿತು. ಮಾತು ಹಿಂದೆಗೆಯುವಂತಿಲ್ಲ, ಎಷ್ಟಕ್ಕೆ ಮುಗಿಯಿತೆಂದು ಹೊರಗೆ ಹೇಳುವಂತೆಯೂ ಇಲ್ಲ.

2008ರ ಡಿಸೆಂಬರಿನಲ್ಲಿ, ಮೂಡಲಗಿ ಇನ್ನೂ ಗೋಕಾಕ ತಾಲೂಕಿನ ಒಂದು ಊರಾಗಿದ್ದಾಗ, ಕುಲಗೋಡದ ಅಣ್ಣಪ್ಪ ಹೊಸಟ್ಟಿ ತನ್ನದೇ ಮನೆಯ ಎಮ್ಮೆಯನ್ನು ಪೇಟೆಗೆ ತಂದಿದ್ದ. ಬೇರೆಯವರ ದನಗಳನ್ನು ಮಾರಿಸುವುದು ಅವನ ಕಸುಬು. ಅರವತ್ತೊಂದರ ವಯಸ್ಸು, ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಮೊಣಕಾಲು ನೋವಿಗೆ ಬೇಕೆನಿಸಿದಾಗೆಲ್ಲ ಅಂಗಡಿಯಿಂದ ತಂದು ನುಂಗುವ ಮಾತ್ರೆ. ಇಷ್ಟು ಬಿಟ್ಟರೆ ಗಟ್ಟಿ ಆಸಾಮಿ. ಕೊಳ್ಳಲು ಬಂದಿದ್ದವನು ತುಕ್ಕಾನಟ್ಟಿಯ ಬಾಹುಬಲಿ ಮಗದುಮ್, ಹಾಲಿನ ಎಮ್ಮೆ ಕಟ್ಟಿದ ಜೈನ ರೈತ. ಇಬ್ಬರೂ ಮೂವತ್ತು ವರ್ಷದಿಂದ ಒಬ್ಬರಿಗೊಬ್ಬರು ಮೋಸ ಹೋಗದೆ, ಮೋಸ ಮಾಡಲು ಪ್ರಯತ್ನಿಸುತ್ತ ಬಂದಿದ್ದರು. ಹೀಗಾಗಿ ಒಳ್ಳೆಯ ಗೆಳೆಯರು.

ಮೂಲ ಬೆಲೆಗೆ ಒಪ್ಪಿಗೆಯಾಗಿತ್ತು. ಅದರ ಮೇಲೆ ಎಷ್ಟು ಬೆರಳು, ಅಂದರೆ ಎಷ್ಟು ಸಾವಿರ, ಎನ್ನುವುದಷ್ಟೇ ಉಳಿದಿತ್ತು. ಅಣ್ಣಪ್ಪ ನಾಲ್ಕು ಹಿಡಿದ. ಬಾಹುಬಲಿ ಒಂದು ಹಿಡಿದ. ಅಣ್ಣಪ್ಪ ಮತ್ತೆ ನಾಲ್ಕು ಹಿಡಿದ, ಈ ಸಲ ಇನ್ನೂ ಬಿಗಿಯಾಗಿ.

“ಬೆರಳ ಮುರೀತಿ ಏನ್ಲೇ? ಎಮ್ಮಿ ಹಿಂಡಾಕ ನನಗ ಇವ ಬೇಕು” ಎಂದ ಬಾಹುಬಲಿ.

ಸ್ವಲ್ಪ ಹೊತ್ತಿಗೆ ಬಾಹುಬಲಿಗೆ ಟವೆಲ್ಲಿನೊಳಗೆ ಒಂದು ಬೆರಳು ಬಿಡುಗಡೆಯಾದದ್ದು ತಿಳಿಯಿತು. ಆಮೇಲೆ ಇನ್ನೊಂದು. ನಾಲ್ಕರಿಂದ ಎರಡಕ್ಕೆ ಬಂದಿತ್ತು. ಅಣ್ಣಪ್ಪನ ಅಂಗೈ ಒದ್ದೆಯಾಗಿತ್ತು, ತಣ್ಣಗಿತ್ತು. ಮೂವತ್ತು ವರ್ಷದಲ್ಲಿ ಈ ಮನುಷ್ಯ ಒಮ್ಮೆಗೇ ಎರಡು ಬೆರಳು ಇಳಿದವನಲ್ಲ ಎಂಬುದು ಬಾಹುಬಲಿಗೆ ಗೊತ್ತಿತ್ತು. ಆದರೆ ಗೆದ್ದ ಸಂತೋಷದಲ್ಲಿ ಅದೆಲ್ಲ ಎಲ್ಲಿ ನೆನಪಾಗುತ್ತದೆ?

“ಮುಗೀತು!” ಎಂದು ಕೂಗಿ ಟವೆಲ್ ಎಳೆದ.

ಆಮೇಲೆ ಮುಖ ನೋಡಿದ. ಅಣ್ಣಪ್ಪನ ಹಣೆಯಿಂದ ಬೆವರು ಇಳಿಯುತ್ತಿತ್ತು. ಎಡಗೈ ಎದೆಯ ಮೇಲಿತ್ತು. “ಬಾಹುಬಲಿ, ಯಾಕೋ ಎದಿ ಮ್ಯಾಲೆ ಕೋಣ ಕುಂತಂಗ ಆಗಾಕತ್ತೈತಿ” ಎಂದು ಹೇಳಿ ಅವನು ಎಮ್ಮೆಯ ಪಕ್ಕದಲ್ಲೇ ನೆಲಕ್ಕೆ ಕುಳಿತ.

ಬಾಹುಬಲಿ ಹಾಲಿನ ಜೀಪಿನಲ್ಲಿ ಅವನನ್ನು ಗೋಕಾಕಕ್ಕೆ ಕರೆದುಕೊಂಡು ಹೋದ. ಎಮ್ಮೆಯನ್ನು ಪೇಟೆಯಲ್ಲಿದ್ದ ಕುಲಗೋಡದ ಯಾರೋ ಊರಿಗೆ ಹೊಡೆದುಕೊಂಡು ಹೋದರು. ಗೋಕಾಕದ ವೈದ್ಯರು ಇಸಿಜಿ ತೆಗೆದು, ರಕ್ತ ಪರೀಕ್ಷೆ ಮಾಡಿಸಿ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಮತ್ತು ಇಂಜೆಕ್ಷನ್ ಕೊಟ್ಟರು. ಹೃದಯಾಘಾತವೇ ಆಗಿತ್ತು. ರಕ್ತನಾಳ ಪೂರ್ತಿ ಮುಚ್ಚಿರಲಿಲ್ಲ, ಮುಚ್ಚುವ ಹಂತದಲ್ಲಿತ್ತು. ರಕ್ತದ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಕ್ರಿಯೇಟಿನಿನ್ 2.3. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಹೇಳುವ ಅಂಕಿ ಅದು. ಒಂದರ ಆಸುಪಾಸಿನಲ್ಲಿ ಇರಬೇಕು. ಅಣ್ಣಪ್ಪನ ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿತ್ತು. ಅವನಿಗೆ ಅದು ಆವತ್ತೇ ತಿಳಿದದ್ದು.

ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಹೋಗುವಾಗ ಹೆಂಡತಿ ಲಕ್ಕವ್ವ ಜೊತೆಗಿದ್ದಳು. ಬಾಹುಬಲಿಯೂ ಹತ್ತಿ ಕುಳಿತಿದ್ದ. ಎದೆನೋವು ಇಳಿದಿತ್ತು. ಅಣ್ಣಪ್ಪ ಕಣ್ಣುಬಿಟ್ಟು ಮೊದಲು ಕೇಳಿದ್ದು ಎಮ್ಮೆಯ ಸುದ್ದಿ.

“ಎಮ್ಮಿ ನಂದು ಆತು” ಎಂದ ಬಾಹುಬಲಿ. “ಎರಡು ಬೆರಳಿಗೆ ನೀನ ಬಿಟ್ಟಿ.”

“ನಾ ಬಿಡಲಿಲ್ಲೋ, ಜೀವ ಬಿಡಾಕ ಹತ್ತಿತ್ತು.”

“ಟವೆಲ್ಲಿನ ಒಳಗ ನನಗೇನು ಗೊತ್ತು? ಬೆರಳ ಅಂದ್ರ ಬೆರಳ.”

ಲಕ್ಕವ್ವ ನಡುವೆ ಬಾಯಿ ಹಾಕಿದಳು. “ಸಾಯೋ ಮನಶ್ಯಾನ ಕೈಯಾಗಿನ ಬೆರಳ ಎಣಿಸೀರಿ. ಅಹಿಂಸಾ ಧರ್ಮ ಅಂತೀರಿ ಮ್ಯಾಲೆ. ಹಿಂಗ ವ್ಯಾಪಾರ ಮಾಡಾಕ ನಿಮ್ಮ ಸ್ವಾಮಿಗೋಳ ಹೇಳ್ಯಾರೇನ್ರಿ?”

ಬಾಹುಬಲಿ ಟವೆಲ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಕಿಟಕಿಯ ಕಡೆ ತಿರುಗಿದ.

ಬೆಳಗಾವಿಯ ಆಸ್ಪತ್ರೆಯ ಹೃದಯ ವೈದ್ಯ ಡಾ. ನಿತಿನ ಚೌಗಲಾ ಹುಕ್ಕೇರಿಯವರು. ನಲವತ್ತು ಮುಟ್ಟಿರಲಿಲ್ಲ. ಪುಣೆಯಲ್ಲಿ ಓದಿ ಬಂದಿದ್ದರೂ ಕಾಯಿಲೆಯ ಮಾತು ಬಂದರೆ ಊರ ಭಾಷೆಗೆ ಇಳಿಯುತ್ತಿದ್ದರು. ಅವರು ಅಣ್ಣಪ್ಪನ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತರು.

“ಕಾಕಾ, ಹೃದಯದ ರಕ್ತನಾಳದಾಗ ಒಂದು ಕಡೆ ಇಕ್ಕಟ್ಟು ಆಗೈತಿ. ಅಲ್ಲಿ ಸ್ಟೆಂಟ್ ಕುಂಡ್ರಸಬೇಕು. ಸ್ಪ್ರಿಂಗ್ ಅಂತಾರಲ್ಲ, ಅದು. ಇಲ್ಲಂದ್ರ ಮತ್ತೊಮ್ಮೆ ಅಟ್ಯಾಕ್ ಆಗ್ತೈತಿ, ಅದು ಇಷ್ಟು ಸಣ್ಣದು ಇರಂಗಿಲ್ಲ.”

“ಕುಂಡ್ರಸ್ರಿ. ಯಾರು ಬ್ಯಾಡಂದ್ರು?”

“ನಿಮ್ಮ ಕಿಡ್ನಿ ಬ್ಯಾಡ ಅನ್ನಾಕತ್ತಾವು. ರಕ್ತನಾಳ ಎಕ್ಸ್‌ರೇದಾಗ ತಾವಾಗೇ ಕಾಣಂಗಿಲ್ಲ. ಒಳಗ ಒಂದು ಔಷಧ ಬಿಡತೇವಿ, ಬಣ್ಣ ಅಂತ ತಿಳೀರಿ. ಅದು ಹರಿಯುವಾಗ ಅಷ್ಟ ಕಾಣ್ತಾವು. ಆ ಬಣ್ಣಾ ಹೊರಗ ಹಾಕೋ ಕೆಲಸ ಕಿಡ್ನೀದು. ಗಟ್ಟಿ ಕಿಡ್ನಿ ಇದ್ರ ಹಾಕ್ತಾವು. ನಿಮ್ಮವು ಮೊದಲ ದಣದಾವು. ಬಣ್ಣ ಜಾಸ್ತಿ ಆತು ಅಂದ್ರ ಪೂರ್ತಿ ಕುಂತ್ರೂ ಕುಂತವು.”

“ಕುಂತ್ರ?”

“ಡಯಾಲಿಸಿಸ್. ವಾರಕ್ಕ ಎರಡು ಸಲ, ಆಮ್ಯಾಲೆ ಮೂರು ಸಲ, ಇಲ್ಲಿಗೆ ಬರಬೇಕು.”

ಅಣ್ಣಪ್ಪನ ಓಣಿಯ ಗುಡ್ಡಪ್ಪ ಹೀಗೇ ಬೆಳಗಾವಿಗೆ ಓಡಾಡುತ್ತಿದ್ದ. ಹೋಗುವ ದಿನ ಹೋಗುವುದೇ ಆಗುತ್ತಿತ್ತು, ಮರುದಿನ ಮಲಗುವುದು ಆಗುತ್ತಿತ್ತು. ಅಣ್ಣಪ್ಪನ ವಾರವೆಂದರೆ ಪೇಟೆಗಳ ವಾರ: ಒಂದು ದಿನ ಮೂಡಲಗಿ, ಒಂದು ದಿನ ಗೋಕಾಕ, ಒಂದು ದಿನ ಹುಕ್ಕೇರಿ ಕಡೆ, ಉಳಿದ ದಿನ ಹಳ್ಳಿಗಳಲ್ಲಿ ದನ ನೋಡುವುದು. ಅದರಲ್ಲಿ ಮೂರು ದಿನ ಡಯಾಲಿಸಿಸ್ ಯಂತ್ರಕ್ಕೆ, ಮೂರು ದಿನ ಹಾಸಿಗೆಗೆ ಕೊಟ್ಟರೆ ಉಳಿಯುವುದೇನು?

“ಡಾಕ್ಟ್ರ, ಬಣ್ಣ ಎಷ್ಟು ಬಿಡತೀರಿ?”

“ಸಾದಾ ಲೆಕ್ಕದಾಗ ನೂರು ಎಂ.ಎಲ್. ದಾಟತೈತಿ. ಒಮ್ಮೊಮ್ಮೆ ನೂರೈವತ್ತು. ಆ ಲೆಕ್ಕ ನಿಮಗ ನಡಿಯಂಗಿಲ್ಲ. ಅದಕ್ಕ ಬ್ಯಾರೆ ದಾರಿ ಹಿಡಿಯೋಣು ಅಂತೀನಿ.” ಡಾಕ್ಟರು ಜೇಬಿನ ಪೆನ್ನು ತೆಗೆದು ಅದರ ರೀಫಿಲ್ ಎಳೆದು ತೋರಿಸಿದರು. “ಇದಕ್ಕಿಂತ ಸಣ್ಣ ನಳಿಗಿ. ತುದಿಗೆ ಸೋನೋಗ್ರಫಿ ಇರ್ತೈತಿ. ಅದನ್ನ ರಕ್ತನಾಳದ ಒಳಗ ಕಳಸ್ತೇವಿ. ನಾಳ ಎಷ್ಟು ಅಗಲ, ಇಕ್ಕಟ್ಟು ಎಲ್ಲಿಂದ ಎಲ್ಲೀ ತನಕ, ಸ್ಟೆಂಟ್ ಗ್ವಾಡಿಗೆ ಬರೋಬ್ಬರಿ ಅಂಟೇತೋ ಇಲ್ಲೋ, ಎಲ್ಲಾ ಒಳಗಿಂದ ಕಾಣ್ತೈತಿ. ಬಣ್ಣ ಬೇಕಾಗಿಲ್ಲ. ಮೊದಲಿಗೆ ದಾರಿ ನೋಡಾಕ ಸ್ವಲ್ಪ, ಕಡೀಕೊಮ್ಮೆ ಸ್ವಲ್ಪ. ಅಷ್ಟ.”

“ಸೋನೋಗ್ರಫಿ ಅಂದ್ರ ಬಸುರಿ ಹೆಂಗಸರಿಗೆ ಮಾಡೋದಲ್ರಿ?” ಲಕ್ಕವ್ವ ಕೇಳಿದಳು.

“ಅದ ಯವ್ವಾ, ಅದರ ತಮ್ಮ.”

“ಗಂಡೋ ಹೆಣ್ಣೋ ಮಾತ್ರ ಹೇಳಬ್ಯಾಡ್ರಿ. ಕಾಯ್ದೆ ಐತಿ.”

ಅಣ್ಣಪ್ಪನೇ ಮೊದಲು ನಕ್ಕ. ಮಾನಿಟರಿನಲ್ಲಿ ಅವನ ನಾಡಿಯ ಗೆರೆ ಸ್ವಲ್ಪ ಕುಣಿಯಿತು, ಡಾಕ್ಟರು ಅದನ್ನೊಮ್ಮೆ ನೋಡಿ ತಾವೂ ನಕ್ಕರು.

ಆದರೆ ಆ ಸೋನೋಗ್ರಫಿ ಯಂತ್ರ ಬೆಳಗಾವಿಯಲ್ಲಿ ಇರಲಿಲ್ಲ. ಬೇಕಾದಾಗ ಕೊಲ್ಹಾಪುರದಿಂದ ಒಂದು ಕಂಪನಿ ಅದನ್ನು ವ್ಯಾನಿನಲ್ಲಿ ಕಳಿಸುತ್ತಿತ್ತು. ನಾಡಿದ್ದು ಬರುತ್ತದೆ ಎಂದು ಡಾಕ್ಟರು ಹೇಳಿದರು. ನೋವು ನಿಂತಿರುವುದರಿಂದ ಅಷ್ಟು ಕಾಯಬಹುದು. ಅಲ್ಲಿಯವರೆಗೆ ಕಿಡ್ನಿ ಒಣಗದಂತೆ ಸಲೈನ್ ನಿಧಾನವಾಗಿ ಹೋಗಬೇಕು. ಜೋರಾಗಿ ಬಿಟ್ಟರೆ ದಣಿದ ಹೃದಯಕ್ಕೆ ಭಾರ. ನೋವಿನ ಮಾತ್ರೆ ಇನ್ನು ಮುಂದೆ ಮುಟ್ಟುವಂತಿಲ್ಲ.

“ಅಂದ್ರ ಎಷ್ಟಕ್ಕ ಮುಗಸ್ತೀರಿ? ಬಣ್ಣ?” ಅಣ್ಣಪ್ಪ ಬಿಡಲಿಲ್ಲ.

“ಕಡಿಮಿ.”

“ಕಡಿಮಿ ಅಂದ್ರ ಪ್ಯಾಟ್ಯಾಗ ಬೆಲಿ ಆಗಂಗಿಲ್ರಿ.”

ಡಾ. ನಿತಿನ ಅವನ ಮುಖ ನೋಡಿದರು. ಆಮೇಲೆ ಮಂಚದ ಕಂಬಿಗೆ ತೂಗುಹಾಕಿದ್ದ ಟವೆಲ್ ತೆಗೆದುಕೊಂಡರು. ಹುಕ್ಕೇರಿಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವರ ಅಜ್ಜ ಎತ್ತು ಕೊಳ್ಳಲು ಹೋದಾಗ ಟವೆಲ್ಲಿನ ಕೆಳಗೆ ಇಣುಕಿ ಬೈಸಿಕೊಂಡವರು ಅವರು. “ಒಂದು ಬೆರಳಿಗೆ ಹತ್ತು ಎಂ.ಎಲ್.” ಎಂದು ಹೇಳಿ ಕೈ ಚಾಚಿದರು. ಟವೆಲ್ ಬಿತ್ತು.

ಡಾಕ್ಟರು ನಾಲ್ಕು ಬೆರಳು ಹಿಡಿದರು. ಅಣ್ಣಪ್ಪ ಎರಡು ಹಿಡಿದ. ಡಾಕ್ಟರು ಮತ್ತೆ ನಾಲ್ಕು ಹಿಡಿದರು, ಆದರೆ ಕಿರುಬೆರಳಿನ ಮೇಲೆ ಬಿಗಿ ಇರಲಿಲ್ಲ. ಅದು ಅಣ್ಣಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಅವನು ಎರಡು ಹಿಡಿದು ಹಾಗೇ ಕುಳಿತ. ಬಾಗಿಲಲ್ಲಿ ನಿಂತಿದ್ದ ನರ್ಸ್ ಸೋನಾಲಿ ಇಬ್ಬರ ಮುಖವನ್ನೂ ನೋಡಿ, ಏನು ನಡೆಯುತ್ತಿದೆ ಎಂದು ತಿಳಿಯದೆ, ರಕ್ತದೊತ್ತಡ ಅಳೆಯುವ ಪಟ್ಟಿ ಹಿಡಿದುಕೊಂಡು ಕಾದಳು. ಕೊನೆಗೆ ಅಣ್ಣಪ್ಪ ಮೂರನೆಯ ಬೆರಳನ್ನು ಹಿಡಿದ.

“ಮುಗೀತು” ಎಂದರು ಡಾಕ್ಟರು. “ಆದರ ಒಂದು ಮಾತು ಕಾಕಾ. ಜೀವಕ್ಕ ಬಂದ್ರ ನಾ ಲೆಕ್ಕ ನೋಡಂಗಿಲ್ಲ. ಆವಾಗ ಬೇಕಾದಷ್ಟು ಬಿಡತೀನಿ.”

“ಹೌದ್ರಿ, ದನಾ ಸಾಯೋ ಹೊತ್ನ್ಯಾಗ ಯಾರು ಬೆಲಿ ಕೇಳ್ತಾರ?” ಎಂದ ಅಣ್ಣಪ್ಪ. ಆಮೇಲೆ ಬಾಹುಬಲಿಯ ಕಡೆ ತಿರುಗಿದ. “ಇವನೊಬ್ಬನ್ನ ಬಿಟ್ಟು.”

ಬಾಹುಬಲಿ ಅಲ್ಲಿಂದ ಎದ್ದ. ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಅವನು ಊಟ ಮುಗಿಸಬೇಕಿತ್ತು. ಬೆಳಗಾವಿಯಲ್ಲಿ ಆ ಎರಡು ದಿನವೂ ಸಂಜೆಯಾಗುತ್ತಲೇ ಅವನು ಈರುಳ್ಳಿ ಹಾಕದ ಪಲ್ಲೆ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತ ಓಡುತ್ತಿದ್ದ. ಊರಿಗೆ ಹೋಗು ಎಂದು ಲಕ್ಕವ್ವ ಎಷ್ಟು ಬೈದರೂ ಹೋಗಲಿಲ್ಲ. ಎಮ್ಮೆಯ ಲೆಕ್ಕ ಮುಗಿಸಿಯೇ ಹೋಗುತ್ತೇನೆ ಎನ್ನುತ್ತಿದ್ದ. ಆದರೆ ಔಷಧಿ ಅಂಗಡಿಗೆ ಓಡುವವನೂ ಅವನೇ, ಸಲೈನ್ ಬಾಟಲಿ ಖಾಲಿಯಾಗುತ್ತಿದೆ ಎಂದು ನರ್ಸನ್ನು ಕರೆಯುವವನೂ ಅವನೇ.

ಮೂರನೆಯ ದಿನ ಬೆಳಿಗ್ಗೆ ಎಲ್ಲ ತಯಾರಾಯಿತು, ಯಂತ್ರ ಬರಲಿಲ್ಲ. ಕೊಲ್ಹಾಪುರದ ವ್ಯಾನಿನ ಕ್ಲಚ್ ಯಮಕನಮರಡಿ ದಾಟುವುದರೊಳಗೆ ಕೈಕೊಟ್ಟಿತ್ತು. ಬೇರೆ ಗಾಡಿ ಕಳಿಸಲು ಮಧ್ಯಾಹ್ನವಾಗುತ್ತದೆ ಎಂದು ಕಂಪನಿಯವರು ಫೋನಿನಲ್ಲಿ ಹೇಳಿದರು. ಆ ಬೆಳಿಗ್ಗೆ ಅಣ್ಣಪ್ಪನ ಎದೆ ಮತ್ತೊಮ್ಮೆ ಸ್ವಲ್ಪ ಬಿಗಿದಿತ್ತು. ಮಾತ್ರೆಗೆ ಇಳಿದಿತ್ತು. ಆದರೆ ಇನ್ನು ತಡಮಾಡುವುದು ಡಾಕ್ಟರಿಗೆ ಬೇಕಿರಲಿಲ್ಲ.

“ಹತ್ತು ಗಂಟೆಗೆ ಬರಲಿಲ್ಲಂದ್ರ ಯಂತ್ರ ಇಲ್ಲದ ಮಾಡಬೇಕಾಗ್ತೈತಿ” ಎಂದು ಅವರು ಲಕ್ಕವ್ವನಿಗೆ ನೇರವಾಗಿ ಹೇಳಿದರು. “ಬಣ್ಣ ಜಾಸ್ತಿ ಆಗ್ತೈತಿ. ಕಿಡ್ನಿ ಏನಾಗ್ತಾವೋ ನಾ ಮಾತು ಕೊಡಂಗಿಲ್ಲ.”

“ಯಮಕನಮರಡಿ ಅಂದ್ರಲ್ರಿ?” ಎಂದಳು ಲಕ್ಕವ್ವ. “ಈಗ ಫೋನ್ ಹಚ್ಚಿದ್ದ, ನಮ್ಮ ಬಾಳೇಶ ಅಲ್ಲೇ ಛಾ ಕುಡ್ಯಾಕತ್ತಾನ.”

ಬಾಳೇಶ ಅವರ ಮಗ. ದನ ಸಾಗಿಸುವ ಟೆಂಪೋ ಅವನದು. ತುಕ್ಕಾನಟ್ಟಿಯಿಂದ ಬಾಹುಬಲಿಯ ಹೆಂಡತಿ ಜಿನ್ನವ್ವನನ್ನು ಕೂರಿಸಿಕೊಂಡು, ಬುತ್ತಿ ಕಟ್ಟಿಸಿಕೊಂಡು ಆ ಬೆಳಿಗ್ಗೆಯೇ ಹೊರಟಿದ್ದ. ಲಕ್ಕವ್ವ ಫೋನು ಹಚ್ಚಿ ಆಸ್ಪತ್ರೆಯ ಅರ್ಧ ಜನಕ್ಕೆ ಕೇಳುವಂತೆ ಹೇಳಿದಳು: “ಬಾಳ್ಯಾ, ಹೈವೇ ಮ್ಯಾಲೆ ಒಂದು ಬಿಳಿ ವ್ಯಾನ್ ನಿಂತೈತಿ. ಅದರಾಗ ನಿಮ್ಮಪ್ಪನ ಕಿಡ್ನಿ ಅದಾವು. ಇಳಿಸ್ಕೊಂಡು ಬಾ!”

ಯಂತ್ರ ಸೊಂಟದೆತ್ತರದ ಕಪಾಟಿನಷ್ಟಿತ್ತು, ಕೆಳಗೆ ಗಾಲಿ, ಮೇಲೆ ಪರದೆ. ಕಂಪನಿಯ ಆಪರೇಟರು ಟೆಂಪೋದೊಳಗಿನ ಹುಲ್ಲು ಮತ್ತು ಸಗಣಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. “ನಳಿಗೆಗಳೆಲ್ಲ ಸೀಲ್ ಮಾಡಿದ ಪ್ಯಾಕೆಟ್ಟಿನಾಗ ಅದಾವು, ನನ್ನ ಚೀಲದಾಗ. ಅವಕ್ಕ ಏನೂ ಆಗಂಗಿಲ್ಲ. ಆದ್ರ ಈ ಡಬ್ಬಿ ಅಲುಗಾಡಿದ್ರ ನನ್ನ ನೌಕರಿ ಹೋಗ್ತೈತಿ” ಎಂದು ಮರಾಠಿ ಬೆರೆಸಿ ಗೋಗರೆದ. ಬಾಳೇಶ ಸಗಣಿ ಗುಡಿಸಿ ಹಾಕಿದ. ಒಣ ಹುಲ್ಲು ಹಾಸಿದ. ಅದರ ಮೇಲೆ ಜಿನ್ನವ್ವ ಆಸ್ಪತ್ರೆಗೆಂದು ತಂದಿದ್ದ ಎರಡು ಕೌದಿ ಬಿಚ್ಚಿ ಹಾಸಿದ. ಗಬ್ಬದ ಎಮ್ಮೆಯನ್ನು ಸಾಗಿಸುವಾಗ ಕಟ್ಟುವಂತೆ ಎರಡೂ ಕಡೆಯಿಂದ ಹಗ್ಗ ಬಿಗಿದು, ಪ್ಲಾಸ್ಟಿಕ್ ಹಾಳೆ ಸುತ್ತಿದ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಹಾರ್ನ್ ಹೊಡೆದುಕೊಂಡು ಅವನನ್ನೇ ಹಿಂದೆ ಹಾಕಿದವು. ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಟೆಂಪೋ ಆಸ್ಪತ್ರೆಯ ಹಿಂಬಾಗಿಲಿಗೆ ಬಂತು. ಸಿಬ್ಬಂದಿ ಯಂತ್ರವನ್ನು ಒರೆಸಿ, ತೊಳೆದು, ಮತ್ತೆ ಒರೆಸಿ ಒಳಗೆ ಬಿಟ್ಟುಕೊಂಡರು. ಆಪರೇಟರು ಗುಂಡಿ ಒತ್ತಿದ. ಪರದೆ ಬೆಳಗಿತು. ಅವನು ಬಾಳೇಶನ ಕೈ ಹಿಡಿದು ಅಲುಗಿಸಿದ.

ಸ್ಟೆಂಟ್ ಕೂರಿಸುವ ಕೋಣೆಯಾದ ಕ್ಯಾಥ್ ಲ್ಯಾಬಿನಲ್ಲಿ ಅಣ್ಣಪ್ಪನನ್ನು ಕತ್ತಿನಿಂದ ಕಾಲಿನವರೆಗೆ ಹಸಿರು ಬಟ್ಟೆಯಿಂದ ಮುಚ್ಚಿದರು. ನಳಿಗೆ ಹೋಗುವುದು ತೊಡೆಯ ಸಂದಿನಿಂದ. ಕೈಯಿಂದ ಹೋದರೆ ರೋಗಿಗೆ ಸುಲಭ, ಆದರೆ ಕಿಡ್ನಿ ದಣಿದವರ ಕೈಯ ರಕ್ತನಾಳಗಳನ್ನು ಮುಂದೆಂದಾದರೂ ಡಯಾಲಿಸಿಸ್ ಬೇಕಾದರೆ ಎಂದು ಉಳಿಸಿಡುತ್ತಾರೆ. ಹೀಗಾಗಿ ಅಣ್ಣಪ್ಪನ ಎರಡೂ ಕೈ ಖಾಲಿ ಇದ್ದವು.

“ಡಾಕ್ಟ್ರ, ಲೆಕ್ಕ ನನಗ ಹೆಂಗ ತಿಳಿತೈತಿ? ತಲಿ ಎತ್ತಬ್ಯಾಡ ಅಂತೀರಿ.”

“ಸೋನಾಲಿ” ಎಂದರು ಡಾಕ್ಟರು, “ಕಾಕಾನ ಎಡಗೈ ಹಿಡಕೋ, ಬಟ್ಟಿ ಕೆಳಗ. ಹತ್ತು ಎಂ.ಎಲ್. ಆದ ಕೂಡಲೇ ಒಂದು ಬೆರಳ ಹಿಡಿ. ಐದಕ್ಕ ಬರೇ ತುದಿ ಗೆಣ್ಣು. ಬಿಡಬ್ಯಾಡ.”

ಸೋನಾಲಿ ನಿಪ್ಪಾಣಿಯವಳು, ದನದ ಪೇಟೆ ನೋಡಿದವಳಲ್ಲ. ಹೇಳಿದಂತೆ ಮಾಡಿದಳು.

ದಾರಿ ನೋಡುವ ಮೊದಲ ಚಿತ್ರಗಳಿಗೆ ಬಣ್ಣ ಹೋಯಿತು. ಒಂದು ಬೆರಳು. ಇನ್ನೊಂದು ಕಡೆಯಿಂದ ನೋಡಿದರು. ಎರಡು ಬೆರಳು. “ಇನ್ನ ಬಣ್ಣ ಬಂದ್” ಎಂದು ಡಾಕ್ಟರು ಯಂತ್ರದ ಪರದೆಯ ಕಡೆ ತಿರುಗಿದರು. ರೀಫಿಲ್ಲಿಗಿಂತ ಸಪೂರವಾದ ನಳಿಗೆ ರಕ್ತನಾಳದೊಳಗೆ ಹೋಗಿ, ನಿಧಾನವಾಗಿ ಹಿಂದಕ್ಕೆ ಸರಿಯುತ್ತ ಬಂತು. ಪರದೆಯ ಮೇಲೆ ಕಪ್ಪು ಬಿಳುಪಿನ ವೃತ್ತ, ಕೊಯ್ದ ಲಿಂಬೆಹಣ್ಣಿನಂತೆ. ಬಣ್ಣದ ಚಿತ್ರದಲ್ಲಿ ಇಕ್ಕಟ್ಟು ಗಿಡ್ಡವಾಗಿ ಕಂಡಿತ್ತು. ಒಳಗಿನಿಂದ ನೋಡಿದರೆ ಅದು ಉದ್ದವಿತ್ತು, ಒಂದು ಪಕ್ಕ ಸುಣ್ಣಗಟ್ಟಿತ್ತು. ನಾಳವೂ ಅಂದುಕೊಂಡದ್ದಕ್ಕಿಂತ ಅಗಲವಿತ್ತು. ಡಾಕ್ಟರು ಕೈಯಲ್ಲಿದ್ದ ಸ್ಟೆಂಟನ್ನು ವಾಪಸು ಕೊಟ್ಟು ಇನ್ನೊಂದು ದೊಡ್ಡದನ್ನು ಕೇಳಿದರು.

ಬಲೂನು ಉಬ್ಬಿದಾಗ ಅಣ್ಣಪ್ಪನ ಎದೆ ಬಿಗಿಯಿತು. ಅವನು ಸೋನಾಲಿಯ ಕೈಯನ್ನು ನಾಲ್ಕು ಬೆರಳಿಗೆ ಹಿಡಿದ. ಬಲೂನು ಇಳಿಯಿತು, ನೋವೂ ಇಳಿಯಿತು. ಮತ್ತೆ ಒಳಗಿನಿಂದ ನೋಡಿದರು. ಸ್ಟೆಂಟಿನ ಒಂದು ಅಂಚು ಗೋಡೆಗೆ ಅಂಟಿರಲಿಲ್ಲ, ನಡುವೆ ಕೂದಲೆಳೆಯಷ್ಟು ಸಂದು. ಬಣ್ಣದ ಚಿತ್ರದಲ್ಲಿ ಇದು ಕಾಣುವಂಥದ್ದಲ್ಲ. ಇನ್ನೊಂದು ಬಲೂನು ಹೋಯಿತು.

ಆಗ ಸೋನಾಲಿ ಕೂಗಿದಳು. “ಸರ್! ಬೆರಳು ಸಡಿಲಾದ್ವು!”

ಎಲ್ಲರೂ ಮಾನಿಟರ್ ನೋಡಿದರು. ನಾಡಿ ಸರಿಯಿತ್ತು, ಒತ್ತಡ ಸರಿಯಿತ್ತು. ಡಾಕ್ಟರು “ಕಾಕಾ!” ಎಂದು ಗಟ್ಟಿಯಾಗಿ ಕರೆದರು. ಉತ್ತರವಾಗಿ ಒಂದು ಗೊರಕೆ ಬಂತು. ನೋವು ಹೋದದ್ದೇ ತಡ, ಮೊದಲೇ ಕೊಟ್ಟಿದ್ದ ಸಣ್ಣ ಪ್ರಮಾಣದ ನಿದ್ದೆಯ ಔಷಧಿ ತನ್ನ ಕೆಲಸ ಮಾಡಿತ್ತು.

“ಎಬ್ಬಿಸಬ್ಯಾಡ” ಎಂದರು ಡಾಕ್ಟರು. “ಲೆಕ್ಕ ಮಾತ್ರ ಬಿಡಬ್ಯಾಡ. ಎದ್ದ ಮ್ಯಾಲೆ ಕೇಳ್ತಾರ.”

ಯಂತ್ರ ಈ ಸಲ ಸಂದು ಮುಚ್ಚಿದೆ ಎಂದು ತೋರಿಸಿತು. ಕೊನೆಯ ಒಂದು ಚಿತ್ರಕ್ಕೆ ಐದು ಎಂ.ಎಲ್. ಬಣ್ಣ ಹೋಯಿತು. ಸೋನಾಲಿ ಮಲಗಿದವನ ಮೂರನೆಯ ಬೆರಳಿನ ತುದಿ ಗೆಣ್ಣನ್ನು ಹಿಡಿದಳು. ಅಣ್ಣಪ್ಪ ಕಣ್ಣು ತೆರೆಯದೆಯೇ ಗೊಣಗಿದ: “ಎರಡೂವರಿ. ಅರ್ಧ ಉಳೀತು.”

ಹೃದಯದ ಕೆಲಸ ಚೆನ್ನಾಗಿ ಆಯಿತು. ಕಿಡ್ನಿಯ ಉತ್ತರ ಮಾತ್ರ ಬಂದಿರಲಿಲ್ಲ. ಬಣ್ಣದಿಂದ ತೊಂದರೆಯಾದರೆ ಅದು ಗೊತ್ತಾಗುವುದು ಎರಡು ಮೂರು ದಿನ ಕಳೆದ ಮೇಲೆ, ಕ್ರಿಯೇಟಿನಿನ್ ಏರಿದಾಗ. 2.3 ಇದ್ದದ್ದು ಮೂರರ ಕಡೆ ಓಡಿದರೆ ಕೆಟ್ಟ ಸುದ್ದಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಣ್ಣಪ್ಪ ಎರಡು ದಿನ ಹೊರಗೆ ನಗುತ್ತಿದ್ದ, ಮೂತ್ರದ ಅಳತೆಯ ಬಾಟಲಿಯನ್ನು ಮಾತ್ರ ಯಾರೂ ನೋಡದಾಗ ಬೆಳಕಿಗೆ ಹಿಡಿದು ನೋಡುತ್ತಿದ್ದ.

ಸ್ಟೆಂಟ್ ಕೂರಿಸಿದ ಮೂರನೆಯ ದಿನ ಬೆಳಿಗ್ಗೆ ರಕ್ತ ತೆಗೆದುಕೊಂಡು ಹೋದರು. ವರದಿಗೆ ಕಾಯುತ್ತ ಎಲ್ಲರೂ ಕೋಣೆಯಲ್ಲಿ ಕುಳಿತರು. ಯಾರಿಗೂ ಆ ಮಾತು ಆಡಲು ಇಷ್ಟವಿರಲಿಲ್ಲ. ಹೀಗಾಗಿ ಎಮ್ಮೆಯ ಮಾತು ಬಂತು.

“ನಾ ಬಿಡಂಗಿಲ್ಲ. ಪ್ಯಾಟ್ಯಾಗ ಮುಗೀತು ಅಂದದ್ದು ಎಲ್ಲಾರೂ ಕೇಳ್ಯಾರ” ಎಂದ ಬಾಹುಬಲಿ.

“ಅಂದಾಂವ ನೀನು. ನಾ ಕೆಳಗ ಬಿದ್ದಿದ್ನಿ.”

“ನಾಕು ಹಿಡದಾಂವ ಎರಡು ಹಿಡದರ ಏನು ತಿಳೀಬೇಕು?”

“ಡಾಕ್ಟ್ರನ್ನ ಕರೀಬೇಕು ಅಂತ ತಿಳೀಬೇಕು!” ಎಂದಳು ಜಿನ್ನವ್ವ. ಗಂಡನಿಗೆ ಅವಳು ಈ ಮಾತನ್ನು ಎರಡು ದಿನದಿಂದ ಹೇಳಬೇಕೆಂದಿದ್ದಳು. “ಆ ಸೋನಾಲಿ ನೋಡ್ರಿ, ಎಂದೂ ಪ್ಯಾಟಿ ಕಂಡಾಕಿ ಅಲ್ಲ. ಬೆರಳ ಸಡಿಲಾದ ಕೂಡಲೇ ಚೀರಿದ್ಲಂತ. ನೀವು ಮೂವತ್ತು ವರ್ಷ ಅನುಭವ ಇದ್ದಾವ್ರು, ಏನು ಮಾಡಿದ್ರಿ? ಎಮ್ಮಿ ತಗೊಂಡ್ರಿ.”

ಬಾಹುಬಲಿ ತನ್ನ ಕೈಬೆರಳುಗಳನ್ನೇ ನೋಡಿಕೊಂಡ.

“ತಣ್ಣಗಿತ್ತು ಕೈ” ಎಂದ ಕೊನೆಗೆ, ಸಣ್ಣ ದನಿಯಲ್ಲಿ. “ಆವಾಗ ತಿಳೀಲಿಲ್ಲ. ಜೀಪಿನಾಗ ಕುಂತ ಮ್ಯಾಲೆ ತಿಳೀತು. ಅದಕ್ಕ ಊರಿಗೆ ಹೋಗಾಕ ಆಗಲಿಲ್ಲ.”

ಅಣ್ಣಪ್ಪ ಕಾಲು ಮಡಚಿಕೊಂಡು ಹಾಸಿಗೆಯ ಅಂಚಿನಲ್ಲಿ ಗೆಳೆಯನಿಗೆ ಜಾಗ ಮಾಡಿಕೊಟ್ಟ.

ಲಕ್ಕವ್ವ ಮಂಚದ ಕಂಬಿಯಿಂದ ಟವೆಲ್ ಎಳೆದಳು. “ಇವರಿಬ್ಬರ ವ್ಯಾಪಾರ ಕಿಡ್ನಿ ತನಕ ಬಂತು. ಜಿನ್ನವ್ವಾ, ನೀ ಬಾ ಇಲ್ಲಿ. ಎಮ್ಮಿ ಹಿಂಡಾಕಿ ನಾನು. ನಾಳಿಗೆ ಹಿಂಡಾಕಿ ನೀನು. ಕೈ ಕೊಡು.”

“ಹೆಂಗಸರು ಟವೆಲ್ ಹಿಡಿಯಂಗಿಲ್ಲ!” ಗಂಡಸರಿಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಐದು ದಿನದಲ್ಲಿ ಅವರು ಒಪ್ಪಿಕೊಂಡ ಮೊದಲ ಮಾತು ಅದು.

“ಎಮ್ಮಿನೂ ಹೆಂಗಸ” ಎಂದಳು ಜಿನ್ನವ್ವ. ಕೈ ಕೊಟ್ಟಳು.

ಟವೆಲ್ ಬಿತ್ತು. ಸ್ವಲ್ಪ ಹೊತ್ತು ಅಲುಗಾಡಿತು. ಲಕ್ಕವ್ವ ತಲೆ ಅಲ್ಲಾಡಿಸಿದಳು. ಜಿನ್ನವ್ವ ಕಿಟಕಿಯಾಚೆ ನೋಡಿದಳು, ಬಹಳ ವರ್ಷ ಇದನ್ನೇ ಮಾಡಿಕೊಂಡು ಬಂದವಳ ಹಾಗೆ. ಅಣ್ಣಪ್ಪ ಹೆಂಡತಿಯ ಮುಖದಲ್ಲಿ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದ. ಮೂವತ್ತೈದು ವರ್ಷ ಒಟ್ಟಿಗೆ ಉಂಡ ಮುಖ ಅದು, ಈಗ ಮುಚ್ಚಿದ ಅಂಗಡಿಯ ಹಾಗಿತ್ತು.

“ಮುಗೀತು” ಎಂದರು ಇಬ್ಬರೂ.

“ಎಷ್ಟಕ್ಕ?” ಎಂದ ಬಾಹುಬಲಿ.

“ಎಷ್ಟಕ್ಕ ಲಕ್ಕವ್ವಾ?” ಎಂದ ಅಣ್ಣಪ್ಪ.

“ಟವೆಲ್ಲಿನ ಮಾತು ಹೊರಗ ಹೇಳಂಗಿಲ್ಲ ಅಂತ ನೀವ ಹೇಳೀರಿ” ಎಂದು ಲಕ್ಕವ್ವ ಟವೆಲ್ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು.

ಆ ಹೊತ್ತಿಗೆ ಡಾ. ನಿತಿನ ಬಂದರು. ಕೈಯಲ್ಲಿ ಒಂದು ಚೀಟಿ. ಅವರು ಅದನ್ನು ಓದಲಿಲ್ಲ, ಜೇಬಿಗೆ ಹಾಕಿಕೊಂಡರು. ಲಕ್ಕವ್ವನ ಮುಂದೆ ಕೈ ಚಾಚಿ ಟವೆಲ್ ಕೇಳಿದರು.

ಅಣ್ಣಪ್ಪ ಬಲಗೈ ಕೊಟ್ಟ. ಟವೆಲ್ಲಿನ ಕೆಳಗೆ ಡಾಕ್ಟರು ಒಂದು ಬೆರಳು ಹಿಡಿದರು, ಈ ಸಲ ಬೆರಳೆಂದರೆ ಕ್ರಿಯೇಟಿನಿನ್ನಿನ ಒಂದು ಅಂಕಿ. ಎರಡನೆಯದನ್ನೂ ಹಿಡಿದರು. ಅಣ್ಣಪ್ಪ ಮೂರನೆಯ ಬೆರಳನ್ನು ನೆಟ್ಟಗೆ ಮಾಡಿಕೊಂಡು ಕಾದ. ಅದು ಪೂರ್ತಿ ಹಿಡಿತಕ್ಕೆ ಬಂದರೆ ಗುಡ್ಡಪ್ಪನ ಡಯಾಲಿಸಿಸ್ ದಾರಿ. ಡಾಕ್ಟರ ಬೆರಳು ಮೂರನೆಯದರ ತುದಿಗೆ ಬಂತು. ಗೆಣ್ಣನ್ನೂ ಪೂರ್ತಿ ಹಿಡಿಯಲಿಲ್ಲ, ಉಗುರನ್ನು ಮುಟ್ಟಿತು, ಬಿಟ್ಟಿತು.

2.4. ಇದ್ದಲ್ಲೇ ಇತ್ತು ಎಂದೇ ಲೆಕ್ಕ.

ಅಣ್ಣಪ್ಪನ ಮುಖದಲ್ಲಿ ಏನೂ ಕಾಣಲಿಲ್ಲ. ಮೂವತ್ತು ವರ್ಷದ ರೂಢಿ. ಆದರೆ ಡಾಕ್ಟರ ಕೈಯನ್ನು ಅವನು ಬಿಡಲಿಲ್ಲ, ಐದೂ ಬೆರಳಿಗೆ ಹಿಡಿದ, ಪೇಟೆಯಲ್ಲಿ ಯಾರಿಗೂ ಕೊಡದಷ್ಟು ಬಿಗಿಯಾಗಿ. ಅವನ ಕೈ ಈಗ ಬೆಚ್ಚಗಿತ್ತು.

“ಮುಗೀತು!” ಎಂದ.

“ಎಷ್ಟು? ಎಷ್ಟು ಬಂತೋ?” ಬಾಹುಬಲಿ ಎದ್ದು ನಿಂತ.

“ಟವೆಲ್ಲಿನ ಮಾತು” ಎಂದ ಅಣ್ಣಪ್ಪ, ಹೆಂಡತಿಯ ಕಡೆ ನೋಡುತ್ತ. “ಎಮ್ಮಿ ಎಷ್ಟಕ್ಕ ಹೋತು ಅಂತ ಹೇಳಿದ್ರ ಕಿಡ್ನೀದು ನಾ ಹೇಳ್ತೀನಿ.”

ಲಕ್ಕವ್ವ ಗಂಡನ ಮುಖ ನೋಡಿರಲಿಲ್ಲ, ಟವೆಲ್ಲಿನ ಕೆಳಗಿನಿಂದ ಇನ್ನೂ ಹೊರಬರದ ಆ ಕೈಯನ್ನು ನೋಡಿದ್ದಳು, ಡಾಕ್ಟರು ಬಿಡಿಸಿಕೊಳ್ಳಲು ನೋಡುತ್ತಿದ್ದುದನ್ನೂ ನೋಡಿದ್ದಳು. ಅಷ್ಟು ಸಾಕಿತ್ತು. ಸೆರಗಿನಿಂದ ಒಮ್ಮೆ ಮೂಗು ಒರೆಸಿಕೊಂಡು ಎದ್ದಳು.

“ಬಾಳ್ಯಾ, ಗಾಡಿ ತೊಳಿ” ಎಂದಳು. “ಹೋಗೂ ಮುಂದ ನಿಮ್ಮಪ್ಪನ್ನ ಹಾಸಿಗಿ ಮ್ಯಾಲೆ ಒಯ್ಯೂಣು. ಹುಲ್ಲ ಹಾಸು, ಮ್ಯಾಲೆ ಕೌದಿ. ಹಗ್ಗಾನೂ ಕಟ್ಟು. ಮೂಡಲಗಿ ಹತ್ರ ಬಂದ ಕೂಡಲೇ ಇಳದು ಪ್ಯಾಟಿಗೆ ಓಡ್ತಾನ.”